ಮೂರನೇ ಕಾರು

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ರಮೇಶ್‌ಬಾಬು ಗೌರಿಬಿದನೂರಿನ ಠಾಣೆಗೆ ತಂದ ದೂರಿನಲ್ಲಿ ಕಳುವಾದ ವಸ್ತುವಿನ ಹೆಸರೇ ಇರಲಿಲ್ಲ. ಕಾರು ಸಾಗಿಸುವ ತನ್ನ ಲಾರಿಯಿಂದ ರಾತ್ರಿ 'ಕಬ್ಬಿಣದ ಸಾಮಾನು' ಹೋಗಿದೆ, ಅದೇ ದಂಧೆಯ ಚಿಂತಾಮಣಿಯ ಚೆನ್ನರಾಯಪ್ಪನ ಮೇಲೆ ಅನುಮಾನವಿದೆ ಎಂದಷ್ಟೇ ಬರೆದಿತ್ತು.

"ಯಾವ ಸಾಮಾನು?" ಪಿಎಸ್‌ಐ ಶಾಂಭವಿ ಕೇಳಿದರು.

"ಅದೇ ಮೇಡಂ, ಗಾಡೀದು."

"ಗಾಡೀದು ಅಂದ್ರೆ? ಚಕ್ರನಾ, ಬಾಗಿಲಾ?"

"ಮೇಲ್ಗಡೇದು. ನೀವು ಎಫ್‌ಐಆರ್ ಹಾಕಿ ಅವನ್ನ ಕರೆಸಿ ಮೇಡಂ, ತಾನೇ ಬಾಯಿ ಬಿಡ್ತಾನೆ."

ಕಳೆದುಕೊಂಡವನೇ ಕಳೆದದ್ದನ್ನು ಮುಚ್ಚಿಡುತ್ತಿದ್ದ. ಶಾಂಭವಿಗೆ ಮೊದಲ ಅನುಮಾನ ಹುಟ್ಟಿದ್ದು ಅವನ ಮೇಲೇ. ಕಳ್ಳತನದ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಗಂಗುಲಪ್ಪನವರೊಂದಿಗೆ ಲಾರಿ ನಿಂತಿದ್ದ ಶೆಡ್ಡಿಗೆ ಹೊರಟರು.

ಹನ್ನೊಂದಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಲಾರಿಯ ಹಾಸಿನ ಮೇಲೆ ಎರಡು ಕಾರಿಗೆ ಜಾಗ. ಕ್ಯಾಬಿನ್ನಿನ ಸುತ್ತ ನಾಲ್ಕು ದಪ್ಪ ಪೈಪುಗಳು ಮೋಟಾಗಿ ನಿಂತಿದ್ದವು. ಅವುಗಳ ಮೇಲೆ ಅಟ್ಟ ಕಟ್ಟಿ ಮೂರನೇ ಕಾರು ಏರಿಸುತ್ತಿದ್ದರು. ಕದ್ದವರು ಕೊಯ್ದದ್ದು ಆ ಅಟ್ಟವನ್ನು. ಗಂಗುಲಪ್ಪ ಆರ್‌ಸಿ ತಿರುವಿ ನೋಡಿದರು. ಅಟ್ಟದ ಮಾತೇ ಅದರಲ್ಲಿರಲಿಲ್ಲ.

"ಆರ್‌ಸಿ ಪ್ರಕಾರ ನಿಮ್ ಗಾಡೀಲಿ ಏನೂ ಕಳುವಾಗಿಲ್ಲ ಬಿಡಪ್ಪ," ಎಂದರು.

ರಮೇಶ್‌ಬಾಬು ನಗಲಿಲ್ಲ. "ಎಲ್ರೂ ಹಾಕ್ಸಿರ್ತಾರೆ ಸಾರ್. ಎರಡೇ ಕಾರು ತುಂಬಿದ್ರೆ ಡೀಸೆಲ್‌ಗೂ ಗಿಟ್ಟಲ್ಲ."

"ಡ್ರೈವರ್ ಯಾರು?" ಶಾಂಭವಿ ಕೇಳಿದರು.

"ಹರಿಕೃಷ್ಣ. ಕೆಂಚಾರ್ಲಹಳ್ಳಿಯೋನು. ಶನಿವಾರ ಚಿಂತಾಮಣೀಲಿ ಕಾರು ಇಳಿಸಿ ಊರಲ್ಲಿ ಮಲಗಿದ್ದ. ನಿನ್ನೆ ಬೆಳಿಗ್ಗೆ ಗಾಡಿ ತಂದು ಇಲ್ಲಿ ನಿಲ್ಲಿಸಿ ಬಸ್ ಹತ್ತಿದ. ಆಗ ಅಟ್ಟ ಇತ್ತಂತೆ. ಪಾಪದೋನು ಮೇಡಂ, ಕೆಮ್ಮಬೇಕಾದ್ರೂ ನನ್ನ ಕೇಳ್ತಾನೆ."

ಶಾಂಭವಿ ಪೈಪುಗಳ ಹತ್ತಿರ ಬಗ್ಗಿದರು. ಕೊಯ್ದ ತುದಿಗಳನ್ನು ಅರದಿಂದ ಉಜ್ಜಿ ನಯ ಮಾಡಿ, ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿದಿತ್ತು. ಮುಟ್ಟಿ ನೋಡಿದರು. ಬಣ್ಣ ಒಣಗಿತ್ತು. ಫೋಟೋ ತೆಗೆಸಿದರು.

ಮಧ್ಯಾಹ್ನ ಚಿಂತಾಮಣಿ. ಚೆನ್ನರಾಯಪ್ಪ ತನ್ನ ಲಾರಿಯ ನೆರಳಿನಲ್ಲಿ ಕೂತು ಊಟ ಮಾಡುತ್ತಿದ್ದ. ಪೊಲೀಸರನ್ನು ಕಂಡರೂ ಏಳಲಿಲ್ಲ.

"ಅಟ್ಟ ಕದ್ದೋನು ನೀನೇ ಅಂತ ರಮೇಶ್‌ಬಾಬು ಹೇಳ್ತಿದಾರೆ," ಎಂದರು ಗಂಗುಲಪ್ಪ.

"ಹೇಳ್ದೆ ಇರ್ತಾರಾ? ನಾನು ಎರಡು ಕಾರು ಹೊರ್ತೀನಿ, ಅವನು ಮೂರು. ನನ್ನ ಗಿರಾಕಿಗಳೆಲ್ಲ ಅತ್ಲಾಗೆ ಹೋದ್ರು. ಹೊಟ್ಟೆಯುರಿ ಇದೆ ಸಾರ್, ಬರ್ಕೊಳ್ಳಿ."

ಶಾಂಭವಿ ಫೋಟೋ ತೋರಿಸಿದರು. ಚೆನ್ನರಾಯಪ್ಪ ಎಡಗೈಯಲ್ಲಿ ಫೋನು ಹಿಡಿದು ನೋಡಿದ.

"ನಾನು ಕದ್ದಿದ್ರೆ ಬಣ್ಣ ಬೇರೆ ಬಳಿದು ಕೊಡ್ತಿದ್ನಾ ಮೇಡಂ? ಅವನೇನು ನನ್ ಅಳಿಯನಾ? ನಾಳೆಗೂ ಆ ಗಾಡಿ ಬೇಕು ಅನ್ನೋನು ಮಾಡಿರೋ ಕೆಲಸ ಇದು."

ಶಿಡ್ಲಘಟ್ಟದ ಪೆಟ್ರೋಲ್ ಬಂಕಿನಲ್ಲಿ ಸಿಸಿಟಿವಿ ನೋಡಿದರು. ಶನಿವಾರ ಮಧ್ಯಾಹ್ನ ಲಾರಿ ಚಿಂತಾಮಣಿ ಕಡೆಗೆ ಹೋಗಿತ್ತು. ಅಟ್ಟದ ಮೇಲೆ ಬಿಳಿ ಕಾರು. ಭಾನುವಾರ ಬೆಳಿಗ್ಗೆ ಆರೂವರೆಗೆ ವಾಪಸು ಬಂದಿತ್ತು. ಕಾರೂ ಇಲ್ಲ, ಅಟ್ಟವೂ ಇಲ್ಲ. ಶೆಡ್ಡು ಸೇರುವ ಮೊದಲೇ ಅಟ್ಟ ಹೋಗಿತ್ತು. ಡ್ರೈವರ್ ಸುಳ್ಳು ಹೇಳಿದ್ದ.

ಸಂಜೆ ಐದಕ್ಕೆ ಜೀಪು ಕೆಂಚಾರ್ಲಹಳ್ಳಿಯ ಮನೆ ಮುಂದೆ ನಿಂತಿತು. ಹರಿಕೃಷ್ಣನ ತಾಯಿ ವೆಂಕಟರತ್ನಮ್ಮ ಬಾಗಿಲಿಗೆ ಬಂದರು. "ಏಮೈಂದಿ ರಾ?" ಏನಾಯ್ತೋ ಎಂದು ಹಿಂದೆಯೇ ಬಂದ ಮಗನನ್ನು ತೆಲುಗಿನಲ್ಲಿ ಕೇಳಿದರು. ಅವನ ಎರಡೂ ಅಂಗೈಗಳಲ್ಲಿ ಬೊಬ್ಬೆ ಎದ್ದಿದ್ದವು.

"ಯಾವುದರಲ್ಲಿ ಕೊಯ್ದೆ?"

"ಆಕ್ಸಾ ಬ್ಲೇಡಲ್ಲಿ ಮೇಡಂ."

"ಕಬ್ಬಿಣ ಎಲ್ಲಿ?"

ಹಿತ್ತಲಿನ ಹಿಪ್ಪುನೇರಳೆ ಕಡ್ಡಿಯ ರಾಶಿ ತೋರಿಸಿದ. ಗಂಗುಲಪ್ಪ ಕಡ್ಡಿ ಸರಿಸಿದರು. ತುಂಡುಗಳೆಲ್ಲ ಅಲ್ಲೇ ಇದ್ದವು.

"ಗುಜರಿಗೆ ಯಾಕೆ ಹಾಕಲಿಲ್ಲ?"

"ಹಾಕಿದ್ರೆ ಕಳ್ಳ ಆಗ್ತಿದ್ದೆ."

"ಈಗೇನಾಗಿದೀಯ?"

ಹರಿಕೃಷ್ಣ ಜೇಬಿನ ಮೇಲೆ ಕೈಯಿಟ್ಟ. "ನನ್ನ ಲೈಸೆನ್ಸು ಏಳೂವರೆ ಟನ್ ಗಾಡಿ ತನಕ ಮೇಡಂ. ಎರಡು ಕಾರಾದ್ರೆ ಅದರೊಳಗೆ. ಮೂರನೇದು ಏರಿದ್ರೆ ದಾಟತ್ತೆ. ಹೋದ ತಿಂಗಳು ತೊಂಡೇಬಾವಿ ರೈಲ್ವೆ ಗೇಟು ಹಾಕಿತ್ತು. ಮೂರು ಕಾರಿತ್ತು. ಬ್ರೇಕ್ ತುಳಿದ್ರೂ ಜಾರ್ತಾನೇ ಹೋಯ್ತು. ಮುಂದೆ ಒಂದು ಸ್ಕೂಟರು, ಹಿಂದ್ಗಡೆ ಮಗು ಕೂತಿತ್ತು. ನನ್ ಕಡೇನೇ ನೋಡ್ತಿತ್ತು. ಒಂದು ಗೇಣು ಬಿಟ್ಟು ನಿಂತ್ಕೊಂತು. ಓನರ್‌ಗೆ ಹೇಳ್ದೆ, ಅಟ್ಟ ತೆಗೆಸಿ ಅಂತ. ನಿನ್ ಕೈಲಾಗ್ದಿದ್ರೆ ಬಿಡು, ಬೇರೆಯವರು ಓಡಿಸ್ತಾರೆ ಅಂದ್ರು. ಬೇರೆಯವರು ಓಡಿಸಿದ್ರೂ ಅದೇ ಗೇಟು ತಾನೇ ಮೇಡಂ?"

ಕಬ್ಬಿಣವನ್ನು ಪಂಚರ ಎದುರು ಜಪ್ತಿ ಮಾಡಿ, ಹರಿಕೃಷ್ಣನನ್ನು ಠಾಣೆಗೆ ತಂದರು. ಮಾಲೀಕನ ಸ್ವತ್ತು ನೌಕರನೇ ಕದ್ದದ್ದರಿಂದ ಕಲಂ ಇನ್ನೂ ಬಿಗಿಯಾಯಿತು. ಶಾಂಭವಿ ರಮೇಶ್‌ಬಾಬುವನ್ನು ಕರೆಸಿದರು.

"ತೊಂಡೇಬಾವಿ ಗೇಟಲ್ಲಿ ಏನಾಯ್ತು?"

"ಏನೂ ಆಗಿಲ್ಲ ಮೇಡಂ." ರಮೇಶ್‌ಬಾಬು ಲಾಕಪ್ಪಿನ ಕಡೆ ನೋಡಿದ. "ಗಾಡಿ ನಿಂತ್ಕೊಂತಲ್ಲ."

ಅನುಮತಿ ಇಲ್ಲದ ಅಟ್ಟ, ಮಿತಿ ಮೀರಿದ ಭಾರ, ಎರಡಕ್ಕೂ ಶಾಂಭವಿ ಆರ್‌ಟಿಓಗೆ ವರದಿ ಬರೆದರು. ಅದಕ್ಕೆ ದಂಡವುಂಟು, ಬಂಧನವಿಲ್ಲ. ರಮೇಶ್‌ಬಾಬು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದ. ಒಳಗೆ ಎಲ್ಲರಿಗೂ ಕೇಳಿಸಿತು. ಬೇರೆ ಡ್ರೈವರ್ ಬೇಕಾಗಿದ್ದ, ಒಬ್ಬ ವೆಲ್ಡರ್ ಕೂಡ.

ಶಾಂಭವಿ ಪೆನ್ನು ಕೆಳಗಿಟ್ಟರು. "ಆ ಲಾರೀನೂ ಜಪ್ತಿಗೆ ಬರೀರಿ. ಕೇಸಿನ ಸ್ವತ್ತು. ಶೆಡ್ಡಿಂದ ತರಿಸಿ, ಕೋರ್ಟ್ ಬಿಡೋ ತನಕ ಇಲ್ಲೇ ನಿಂತಿರಲಿ."

ಗಂಗುಲಪ್ಪ ಬರೆದರು. ಆಮೇಲೆ ಹರಿಕೃಷ್ಣನ ಜೇಬಿನ ವಸ್ತುಗಳನ್ನು ಮೇಜಿನ ಮೇಲಿಟ್ಟರು. ಒಂದು ಬಾಚಣಿಗೆ, ಬಸ್ ಟಿಕೆಟ್, ಲೈಸೆನ್ಸು. ಲೈಸೆನ್ಸನ್ನು ಕಾಗದಗಳ ಜೊತೆ ಸೇರಿಸಿ ಪಿನ್ ಹೊಡೆಯಲು ಸ್ಟೇಪ್ಲರ್ ಎತ್ತಿದರು.

"ತೂತು ಮಾಡ್ಬೇಡಣ್ಣ," ಕಂಬಿಯ ಹಿಂದಿನಿಂದ ಹರಿಕೃಷ್ಣ ಹೇಳಿದ.

ಗಂಗುಲಪ್ಪ ಡ್ರಾಯರಿನಲ್ಲಿ ಹುಡುಕಿ ಒಂದು ಕವರು ತೆಗೆದು, ಲೈಸೆನ್ಸನ್ನು ಅದರೊಳಗಿಟ್ಟು, ಕವರಿಗೆ ಪಿನ್ ಹೊಡೆದರು.