ಅಕ್ಬರಿಬಿಯ ನತ್ತಿನ ಜಾಗದಲ್ಲಿ ಬೆಲ್ಲ

ಬಸವಕಲ್ಯಾಣವನ್ನು ಜನ ಇನ್ನೂ ಬರೀ ಕಲ್ಯಾಣಿ ಎನ್ನುತ್ತಿದ್ದ ಕಾಲ. ನಿಜಾಮರ ರಾಜ್ಯ ಮುಗಿದ ಮರುವರ್ಷ. ಆಗಿನ ಬಿಸಿಲಿಗೂ ಒಂದು ರುಚಿಯಿತ್ತು. ಹೈದರಾಬಾದಿನಿಂದ ಪುಣೆಯ ತನಕ ಜರಡಿ ಹಿಡಿದರೂ ವಜೀರಬಿಯಂಥ ಪತ್ತೇದಾರಿಣಿ ಸಿಗುತ್ತಿರಲಿಲ್ಲ. ಬಾಯಲ್ಲಿ ಉಳಿದಿದ್ದು ಮೂರೇ ಹಲ್ಲು. ಸುಳ್ಳನ್ನು ಅಗಿದು ಉಗುಳಲು ಅಷ್ಟೇ ಸಾಕಾಗಿತ್ತು. ನೆರಳಿನಂತೆ ಜೊತೆಗಿದ್ದವಳು ಪಕ್ಕದ ಮನೆಯ ಮುದುಕಿ ತುಳಜಾಬಾಯಿ. ಅರ್ಧ ಪತ್ತೆ ತನ್ನದೇ ಎಂದು ಆಕೆ ಸಾಯುವ ತನಕ ನಂಬಿದ್ದಳು.

ಒಂದು ಬೆಳಿಗ್ಗೆ ಕೌದಿ ಹೊಲಿಯುವ ದ್ರೌಪತಿ ಅಳುತ್ತ ಬಂದು ವಜೀರಬಿಯ ಕಟ್ಟೆಯ ಮೇಲೆ ಕುಸಿದಳು.

"ಅಕ್ಬರಿಬಿ ಅವರ ನತ್ತು ಹೋಗ್ಯಾದ್ರಿ. ಬಾಗಿಲದಾಗ ನಿಂತು ಓಣಿಗೆಲ್ಲಾ ಕೇಳಂಗ ನನಗ ಕಳ್ಳಿ ಅಂದ್ರು. ಇನ್ನ ನನ್ನ ಯಾರು ಮನಿ ಒಳಗ ಬಿಟ್ಕೋತಾರ್ರಿ? ಹ್ಯಾಂಗ ಬದುಕಲಿ?"

"ಅಳಬ್ಯಾಡ, ನಡಿ. ತುಳಜಾ, ಚಪ್ಪಲಿ ಹಾಕ್ಕೋ."

"ಹಾಕ್ಕೊಂಡೇ ಕುಂತೀನಿ ಆಪಾ!"

ಅಕ್ಬರಿಬಿಯ ಮೊಮ್ಮಗಳ ನಿಕಾಹ್ ಹುಮನಾಬಾದಿನ ಹುಡುಗನೊಂದಿಗೆ ನಿಶ್ಚಯವಾಗಿತ್ತು. ಅವಳಿಗೆಂದೇ ಇಟ್ಟ ನತ್ತು ಅದು, ಎಂಟೂರಿನ ಕಣ್ಣು ಕುಕ್ಕುವಂಥದ್ದು. ಮೂವರೂ ಮನೆಗೆ ಬಂದಾಗ ಅಕ್ಬರಿಬಿ ಪೆಟ್ಟಿಗೆ ತೆರೆದು ಹಸಿರು ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ಬೆಲ್ಲದ ಚೂರು!

"ನೋಡ್ರಿ, ಕಳವು ಮಾಡಿದ್ದಲ್ದೇ ಮ್ಯಾಲೆ ಚೇಷ್ಟಿ!"

ಬೀಗ ಮುರಿದಿರಲಿಲ್ಲ, ಕೀಲಿಕೈ ಆಕೆಯ ಸೊಂಟದಲ್ಲೇ ಇತ್ತು. ಪೆಟ್ಟಿಗೆಯ ಪಕ್ಕದಲ್ಲಿ ಮದುಮಗಳಿಗೆಂದು ದ್ರೌಪತಿ ಮೊನ್ನೆ ಅಲ್ಲೇ ಕೂತು ಹೊಲಿದು ಮುಗಿಸಿದ ಕೌದಿ. ಅಜ್ಜಿ, ಮುತ್ತಜ್ಜಿಯರ ಸೀರೆಗಳೆಲ್ಲ ಅದರಲ್ಲಿ ತುಂಡುತುಂಡಾಗಿ ಕೂಡಿದ್ದವು. ಇರುವೆಗಳ ಸಾಲೊಂದು ಆ ಕೌದಿಯನ್ನು ಹತ್ತಿಳಿದು ಪೆಟ್ಟಿಗೆಯ ಸಂದಿಗೆ ನುಗ್ಗುತ್ತಿತ್ತು. ನಿಜಾಮರ ದಂಡೂ ಅಷ್ಟು ಶಿಸ್ತಾಗಿ ನಡೆದಿರಲಾರದು.

ಕೌದಿ ಉಪವಾಸ ಇರಬಾರದೆಂದು, ಕೊನೆಯ ತೇಪೆಯ ಕೆಳಗೆ ಮನೆಯ ಹಿರಿಯಳು ಬೆಲ್ಲದ ಗಂಟು ಇಡುವುದು ಅಲ್ಲಿನ ರೂಢಿ.

"ಇದರ ಹೊಟ್ಟಿ ತುಂಬಿಸಿದಾಕಿ ಯಾರು?" ವಜೀರಬಿ ಕೇಳಿದಳು.

"ನಾನೇ. ಇಕಿ ಮ್ಯಾಲೆ ತ್ಯಾಪಿ ಹೊಲದಾಳ."

"ಬೆಲ್ಲ ಕಟ್ಟಿದ್ದು ಯಾವ ಬಟ್ಟ್ಯಾಗ?"

"ಇದೇ ಹಸಿರು. ನತ್ತಿಗೂ ಆವತ್ತೇ ಅದನ್ನೇ ಹರದು ಕಟ್ಟೀನಿ."

"ದೀಪ ಹಚ್ಚಿದ್ದಿ?"

"ಹೊತ್ತು ಮುಣಗಿತ್ತು ಖರೆ. ಆದ್ರ ನನಗ್ಯಾಕ ದೀಪ?"

"ಆಪಾ, ಮದುಮಗನ ಕಡಿಯವರದೇ ಕೈವಾಡ," ತುಳಜಾಬಾಯಿ ಪಿಸುಗುಟ್ಟಿದಳು.

"ನೀ ಸುಮ್ಕಿರು. ಮನಿಯವರನ್ನೆಲ್ಲಾ ಕರಿ."

ಪಡಸಾಲೆ ತುಂಬಿತು. ಅರ್ಧ ಕಲ್ಯಾಣಿಯೇ ಬಂದಿತ್ತೆಂದು ತುಳಜಾಬಾಯಿ ಮುಂದೆ ಆಣೆ ಮಾಡಿ ಹೇಳುತ್ತಿದ್ದಳು.

"ಬೀಗ ಗಟ್ಟಿ ಅದ, ಕೀಲಿಕೈ ಅಕ್ಬರಿ ಹತ್ರ," ವಜೀರಬಿ ಶುರುಮಾಡಿದಳು. "ಅಂದ್ರ ಪೆಟ್ಟಿಗ್ಯಾಗ ಬೆಲ್ಲ ಇಟ್ಟಾಕಿನೂ ಅಕ್ಬರಿನೇ. ಇನ್ನ ಈ ಇರುವಿ ನೋಡ್ರಿ. ಕೌದಿ ತುಳಕೊಂಡು ಹೊಂಟಾವ, ಒಂದರೆ ಅದರಾಗ ಮೂತಿ ಇಟ್ಟದೇನು? ಹೊಟ್ಟ್ಯಾಗ ಬೆಲ್ಲ ಇದ್ರ ಬಿಡ್ತಿದ್ವಾ? ಎರಡು ಗಂಟು, ಒಂದೇ ಬಟ್ಟಿ, ಕತ್ತಲಿ. ಅದಲುಬದಲಾದ್ವು. ದ್ರೌಪತಿ, ಬಿಚ್ಚು."

ದ್ರೌಪತಿ ತೇಪೆ ಬಿಚ್ಚಿ, ಹಸಿರು ಗಂಟು ಹೊರತೆಗೆದು ಬಿಡಿಸಿದಳು. ನತ್ತಿನ ಬೆಳಕಿಗೆ ಸೂರ್ಯ ಮೋಡದ ಹಿಂದೆ ಅಡಗಿದ.

"ತಪ್ಪಾಯ್ತವ್ವಾ, ಮಾಫ್ ಮಾಡು," ಅಕ್ಬರಿಬಿ ಮೆಲ್ಲಗೆ ಅಂದಳು.

"ಇಲ್ಲಿ ಬ್ಯಾಡ್ರಿ ಅಮ್ಮಾ. ಕಳ್ಳಿ ಅಂದಿದ್ದು ಬಾಗಿಲದಾಗ."

ಅಕ್ಬರಿಬಿ ಎದ್ದು, ದ್ರೌಪತಿಯ ಹೆಗಲು ಹಿಡಿದು, ಹೊಸ್ತಿಲ ಹೊರಗೆ ನಿಂತಳು.

"ಕೇಳ್ರೆವ್ವಾ! ದ್ರೌಪತಿ ಕಳ್ಳಿ ಅಲ್ಲ! ನನಗೇ ಕಣ್ಣ ಕಾಣಂಗಿಲ್ಲ!"

ದ್ರೌಪತಿ ಸೆರಗಿನಿಂದ ಕಣ್ಣೊರೆಸಿಕೊಂಡು ಓಣಿಯ ಆ ತುದಿ ನೋಡಿದಳು.

"ಮತ್ತೊಮ್ಮಿ ಅನ್ರಿ ಅಮ್ಮಾ. ಕಡೀ ಮನಿಯವರು ಈಗ ಹೊರಗ ಬಂದ್ರು."