ಉಪಗ್ರಹದಲ್ಲಿ ಅಣ್ಣನ ಕರೆ

ಹವ್ಯಾಸಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೊ ಹುಚ್ಚು ನನಗೆ ಹಿಡಿಸಿದ್ದೇ ಅಣ್ಣ. ಅಂಗೈಯಗಲದ ಸೆಟ್ಟು, ಮನೆಯ ಬಲ್ಬಿಗೂ ಸಾಲದಷ್ಟು ಕರೆಂಟು. ಆದರೂ ಉಪಗ್ರಹ ತಲೆ ಮೇಲೆ ಹಾದುಹೋಗುವ ಹತ್ತು ನಿಮಿಷ, ಅದರ ಮೂಲಕ ಸಮುದ್ರದಾಚೆಗೂ ಮಾತಾಡಬಹುದು.

ಅವತ್ತು ಅಣ್ಣ ಫೋನ್ ಸಿಗದ ಗುಡ್ಡಕ್ಕೆ ಒಬ್ಬನೇ ಹೋಗಿದ್ದ. ಉಪಗ್ರಹ ಬಂದಾಗ ಏದುಸಿರಲ್ಲಿ ಕರೆದ: "ತಮ್ಮಾ, ಇದ್ದೀಯೇನೋ?" ನಾನು ದೂರದ ದೇಶದ ಹ್ಯಾಮ್ ಸ್ಟೇಷನ್ನೊಂದರ ಬೆನ್ನು ಹತ್ತಿದ್ದೆ. ಇವನದ್ದು ಆಮೇಲೆ ನೋಡೋಣ ಅಂತ ಸುಮ್ಮನಾದೆ. ಸಂಜೆ ಅವನು ಸಿಕ್ಕಾಗ ಎದೆಬಡಿತ ನಿಂತುಹೋಗಿತ್ತು, ಸೆಟ್ಟು ಕೈಯಲ್ಲೇ ಇತ್ತು.

ಅತ್ತಿಗೆಗೆ, "ನಾನವತ್ತು ಸೆಟ್ಟೇ ಹಾಕಿರಲಿಲ್ಲ" ಅಂದುಬಿಟ್ಟೆ.

ತಿಂಗಳ ಮೇಲೆ, ಒಂದು ಮಧ್ಯಾಹ್ನ ತಾರಸಿಯಲ್ಲಿ ಆಂಟೆನಾ ಎತ್ತಿ ಹಿಡಿದಿದ್ದೆ. ಬಿಸಿಲಿಗೆ ಕಾದಿದ್ದ ಕಡ್ಡಿ ಇದ್ದಕ್ಕಿದ್ದಂತೆ ಕೈಯಲ್ಲಿ ತಣ್ಣಗಾಯಿತು. ಸೆಟ್ಟಿನಲ್ಲಿ ಉಳಿದವರ ಗಲಾಟೆಯೆಲ್ಲ ನಿಂತಿತು.

"ತಮ್ಮಾ, ಇದ್ದೀಯೇನೋ?"

ಅದೇ ಏದುಸಿರು. ಹಿಂದೆ ಗುಡ್ಡದ ಗಾಳಿಯ ಸದ್ದು. ನಮ್ಮ ತಾರಸಿಯಲ್ಲಿ ಒಣಹಾಕಿದ ಬಟ್ಟೆ ಕೂಡ ಅಲುಗುತ್ತಿರಲಿಲ್ಲ.

"ಇದ್ದೀನಿ ಅಣ್ಣ. ಅವತ್ತೂ ಕೇಳಿಸಿತ್ತು. ನಾನೇ ಉತ್ತರ ಕೊಡಲಿಲ್ಲ," ಅಂದೆ.

ಅವನು ಕೇಳಿಸದವನಂತೆ ಮತ್ತೆ ಅದನ್ನೇ ಕೇಳಿದ. ಉಪಗ್ರಹ ದಿಗಂತದಲ್ಲಿ ಮುಳುಗುವವರೆಗೂ ಅದನ್ನೇ ಕೇಳಿದ.

ತಿರುಗಿದರೆ, ಬಟ್ಟೆ ತೆಗೆಯಲು ಬಂದಿದ್ದ ಅತ್ತಿಗೆ ಅಲ್ಲೇ ನಿಂತಿದ್ದರು. "ನಿಂಗೆ ಅವತ್ತು ಕೇಳಿಸಿತ್ತಾ?" ಅಂದರು. ಅವರು ಬಟ್ಟೆ ಬಿಟ್ಟು ಇಳಿದುಹೋದರು.

ಇಪ್ಪತ್ತು ನಿಮಿಷಕ್ಕೆ ಫೋನಿಗೆ ಸಂದೇಶ ಬಂತು. ಸಮುದ್ರದಾಚೆಯ, ನಮ್ಮಿಬ್ಬರಿಗೂ ಪರಿಚಯವಿದ್ದ ಹ್ಯಾಮ್ ಗೆಳೆಯನದ್ದು. ಅಣ್ಣ ಸತ್ತದ್ದು ಅವನಿಗೆ ಗೊತ್ತಿರಲಿಲ್ಲ. "ಉಪಗ್ರಹ ಈಗ ನಮ್ಮ ತಲೆ ಮೇಲಿದೆ. ನಿನ್ನ ಅಣ್ಣ ಇನ್ನೂ ಕರೀತಾನೇ ಇದ್ದಾನೆ. ನೀನ್ಯಾಕೆ ಉತ್ತರ ಕೊಡ್ತಿಲ್ಲ?"

ಅಷ್ಟು ಹೊತ್ತಿಗೆ ಉಪಗ್ರಹ ನಮ್ಮ ಕಡೆಯ ಯಾವ ಸೆಟ್ಟಿಗೂ ಎಟುಕದಷ್ಟು ದೂರ ಹೋಗಿತ್ತು.