ಎಡಕ್ಕೆ ತಿರುಗಿದ ಕುರಿಗಾಹಿ

"ಕುರಿಗಾಹಿ ಎಲ್ಲಿ?"

ಚರ್ಚಿನ ಬಾಗಿಲು ತೆರೆದವಳೇ ಅವಳು ಕೇಳಿದ ಮೊದಲ ಮಾತು ಅದು. ಕಿಟಕಿ ರಿಪೇರಿಗೆ ಬಂದಿದ್ದ ಗಾಜಿನವನು ಏಣಿಯ ಮೇಲಿಂದ ತಿರುಗಿ ನೋಡಿದ. ಅವನ ಹಿಂದೆ, ಬಣ್ಣದ ಕಿಟಕಿಯ ನೆತ್ತಿಯಲ್ಲಿ, ಕುರಿಗಾಹಿಯ ಚಿತ್ರವಿದ್ದ ದುಂಡು ಗಾಜು ಇರಬೇಕಾದ ಜಾಗದಲ್ಲಿ ಬರೀ ಹಲಗೆ ಇತ್ತು.

"ಅಂಗಡೀಲಿದೆ."

"ನೋಡಬೇಕು."

"ಈಗ ಬೇಡ... ಕೆಲಸ ಮುಗೀಲಿ."

ಮೊನ್ನೆ ತಾನೇ ಕಿಟಕಿಯ ಕೆಂಪು ಬೆಳಕು ಅವಳ ಅಂಗೈ ಮೇಲೆ ಬಿದ್ದಾಗ, "ಕೈ ಹಾಗೇ ಇಡಿ" ಎಂದವನು ಇವನೇ. ಆ ಒಂದು ಮಾತನ್ನು ಮನೆಗೆ ಹೊತ್ತೊಯ್ದು ಒಬ್ಬಳೇ ನಕ್ಕಿದ್ದಳು, ಪಾಪ. ಈಗ ಅದೇ ಮನುಷ್ಯ ಕಣ್ಣು ತಪ್ಪಿಸುತ್ತಿದ್ದಾನೆ.

ಚರ್ಚಿನ ಬೀಗದ ಕೈ ಅವಳ ಬಳಿ ಇತ್ತು. ಅದಕ್ಕೂ ಮೊದಲು ಅವಳ ಅಪ್ಪನ ಬಳಿ. ಆ ಕಿಟಕಿಯನ್ನು ಕೊನೆಯ ಸಲ ಬಿಚ್ಚಿ ಕೂರಿಸಿದ್ದೂ ಅಪ್ಪನೇ. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದ.

"ನೋಡು ಗುಬ್ಬಿ, ನೀಲಿ ಅಂದ್ರೆ ಸ್ವರ್ಗ. ಹಸಿರು ಅಂದ್ರೆ ಭರವಸೆ. ಕೆಂಪು ಅಂದ್ರೆ ಪ್ರೀತಿ, ರಕ್ತ ಕೊಟ್ಟಾದ್ರೂ ಉಳಿಸ್ಕೊಳ್ಳೋ ಅಂಥದ್ದು. ಮೇಲೆ ದುಂಡು ಗಾಜಲ್ಲಿ, ತಪ್ಪಿಸ್ಕೊಂಡ ಮರೀನ ಹೆಗಲ ಮೇಲೆ ಹೊತ್ಕೊಂಡು ಬರ್ತಿದಾನಲ್ಲ, ಅವನೇ ಯೇಸು."

ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಆ ಕಿಟಕಿಯೊಂದೇ. ಇತ್ತೀಚೆಗೆ ಕುರಿಗಾಹಿಯ ಮುಖ ಮಸುಕಾಗಿತ್ತು. ಧೂಳು ಕೂತಿದೆ ಎಂದೇ ಎಲ್ಲರೂ ತಿಳಿದಿದ್ದರು.

'ಹಳೇ ಗಾಜಿಗೆ ಗಿರಾಕಿಗಳು ಇರ್ತಾರಂತೆ... ಇವನು ಮಾರಿಬಿಟ್ಟಿದ್ರೆ?'

ಸಂಜೆ ಮನೆಗೆ ಬಂದರೆ, ಅವನು ಅಮ್ಮನ ಗಾಲಿಕುರ್ಚಿಯ ಎದುರೇ ಕೂತು ಪಿಸುಗುಡುತ್ತಿದ್ದ. ಅವಳನ್ನು ಕಂಡದ್ದೇ ಅವನು ಎದ್ದು ಹೊರಟೇಬಿಟ್ಟ.

"ಏನಮ್ಮಾ ಮಾತು?"

"ಏನಿಲ್ಲ. ಕುಡಿಯೋಕೆ ನೀರು ಕೇಳ್ಕೊಂಡು ಬಂದಿದ್ದ."

ಅಲ್ಲಿ ಲೋಟವೇ ಇರಲಿಲ್ಲ. ಅಮ್ಮನ ಕಣ್ಣಿಗೂ ಮಣ್ಣೆರಚಿದನಾ?

ಅವಳು ಅವನ ಬೆನ್ನು ಹತ್ತಿ ಅಂಗಡಿಗೆ ಹೋದಳು. ಮೇಜಿನ ಮೇಲೆ ದುಂಡು ಗಾಜು ಇತ್ತು, ಅದರಡಿ ದೀಪ ಉರಿಯುತ್ತಿತ್ತು. ಮರಿಯ ಗೆರೆಗಳು ಅಲ್ಲಲ್ಲಿ ಉಳಿದಿದ್ದವು. ಕುರಿಗಾಹಿಗೆ ಮುಖವೇ ಇರಲಿಲ್ಲ.

"ಅಳಿಸಿಬಿಟ್ರಾ?"

ಅವನು ನಿಧಾನವಾಗಿ ಕೈ ಒರೆಸಿಕೊಂಡ. "ಹಾಗೇ ಅಂದ್ಕೊಳ್ಳಿ."

"ಫಾದರ್‌ಗೆ ಹೇಳ್ತೀನಿ."

"ಹೇಳಿ."

ಹೇಳಿಯೂ ಬಂದಳು. ನಾಳೆಯಿಂದ ಅವನು ಬರುವುದು ಬೇಡ ಎಂದರು ಫಾದರ್. ಗೆದ್ದವಳು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತ ಮನೆಗೆ ನಡೆದಳು.

ವಿಷಯ ಕೇಳಿ ಅಮ್ಮ ಹಣೆ ಚಚ್ಚಿಕೊಂಡಳು. "ಹುಚ್ಚಿ, ಅಳಿಸಿದ್ದು ಅವನಲ್ಲ ಕಣೇ. ನಿಮ್ಮಪ್ಪ."

"ಅಪ್ಪಾನಾ?"

"ನನ್ನ ಕಾಲು ಸ್ವಾಧೀನ ತಪ್ಪಿದ ಮೇಲೆ, ಚರ್ಚಲ್ಲಿ ಎಡಗಡೆ ಗೋಡೆ ಪಕ್ಕ ಕೂರೋ ಹಾಗಾಯ್ತಲ್ಲ. ಯೇಸು ಕೂಡ ಬಲಕ್ಕೆ ಮುಖ ತಿರುಗಿಸ್ಕೊಂಡಿದಾನೆ ಅಂತ ಒಂದಿನ ಅತ್ತುಬಿಟ್ಟೆ. ಕಿಟಕಿ ರಿಪೇರಿ ಮಾಡುವಾಗ ನಿಮ್ಮಪ್ಪ ದುಂಡು ಗಾಜನ್ನ ಹಿಂದುಮುಂದು ಮಾಡಿ ಕೂರಿಸಿದ್ರು, ನನ್ನ ಕಡೆ ನೋಡ್ಲಿ ಅಂತ. ಚಿತ್ರ ಬರೆದ ಮಗ್ಗಲು ಒಳಗಿರಬೇಕಂತೆ. ಅದು ಹೊರಗಾಯ್ತು. ಬಿಸಿಲು ಮಳೆ ತಿಂದ್ಹಾಕ್ತು."

"ಗಾಜಿನವರಿಗೆ ಇದು ಗೊತ್ತಿತ್ತಾ?"

"ಕೈಗೆತ್ಕೊಂಡ ಕೂಡ್ಲೇ ಗೊತ್ತಾಯ್ತಂತೆ. ನಿಮ್ಮ ಮಗಳಿಗೆ ಹೇಳ್ಬೇಡಿ, ಅಪ್ಪನ ಮೇಲೆ ಜೀವ ಇಟ್ಕೊಂಡಿದಾರೆ ಅಂದ. ಕುರಿಗಾಹಿ ಮುಖ ಹೇಗಿತ್ತು ಅಂತ ಕೇಳೋಕೆ ಬಂದಿದ್ದ ಕಣೇ."

ಗಾಜಿನವನ ಹೆಸರು ಉಳಿಯಬೇಕಾದರೆ ಅಪ್ಪನ ತಪ್ಪು ಹೇಳಲೇಬೇಕು. ಮತ್ತೆ ಫಾದರ್ ಬಳಿ ಹೋಗಿ ಒಂದೂ ಬಿಡದೆ ಹೇಳಿದಳು.

ಫಾದರ್ ಕಿಟಕಿಯ ಹಲಗೆಯತ್ತ ನೋಡಿದರು. "ಅವನನ್ನ ಕರೀ. ಕುರಿಗಾಹಿ ಯಾವ ಕಡೆ ನೋಡ್ಬೇಕು ಅಂತ ನಿಮ್ಮಮ್ಮನ್ನೇ ಕೇಳು."

ಅಂಗಡಿಯಲ್ಲಿ ಅವನು ಸಾಮಾನು ಕಟ್ಟುತ್ತಿದ್ದ. ಮೇಜಿನ ಮೇಲೆ ಹಳೆಯದರ ಪಕ್ಕ ಹೊಸದೊಂದು ದುಂಡು ಗಾಜು. ಅದರಲ್ಲಿ ಕುರಿಗಾಹಿಗೆ ಮುಖವಿತ್ತು, ಎಡಕ್ಕೆ ತಿರುಗಿದ ಮುಖ.

"ಮುಟ್ಬೇಡಿ. ಇನ್ನೂ ಕುಲುಮೇಲಿ ಸುಟ್ಟಿಲ್ಲ, ನಿಜವಾಗ್ಲೂ ಅಳಿಸ್ಹೋಗುತ್ತೆ," ಎಂದ. "ಈ ಸಲ ಬಣ್ಣ ಒಳಗೇ ಇರುತ್ತೆ, ಆದ್ರೂ ನಿಮ್ಮಮ್ಮನ ಕಡೆ ನೋಡ್ತಾನೆ. ಹಳೇದು ನಿಮಗೆ... ಅಪ್ಪನ ಕೈ ಮುಟ್ಟಿದ್ದು."

ಅವಳ ಕಣ್ಣು ತುಂಬಿತು. "ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ. ಬೇಕಾದ್ರೆ ಬೈದುಬಿಡಿ."

"ಇಲ್ಲಿ ನೋಡಿ. ಮರಿ ಸಿಕ್ಕಿದ ಮೇಲೆ ಅವನೇನಾದ್ರೂ ಬೈತಿದಾನಾ?"

"ಹೊತ್ಕೊಂಡಿದಾನೆ..." ಅಳುವಿನ ನಡುವೆಯೇ ನಕ್ಕಳು. "ನಾನು ಭಾರ ಇದೀನಿ. ಅನುಮಾನ ಬೇರೆ ಜಾಸ್ತಿ."

"ಈ ವಾರ ಪೂರ್ತಿ ನೋಡಿದೀನಲ್ಲ."

ಅವಳು ಮೇಜಿನ ಮೇಲಿದ್ದ ಕೆಂಪು ಗಾಜಿನ ಚೂರನ್ನು ಬೆಳಕಿಗೆ ಹಿಡಿದಳು. ಅವನ ಅಂಗಿಯ ಮೇಲೆ ಕೆಂಪು ಬಿತ್ತು.

"ಕೆಂಪು ಅಂದ್ರೆ ಏನು ಅಂತ ಗೊತ್ತಾ ನಿಮಗೆ?"

"ಗೊತ್ತು," ಎಂದ ಅವನು ಮೆಲ್ಲಗೆ. "ಅದಕ್ಕೇ ಅವತ್ತು ಕೈ ಹಾಗೇ ಇಡಿ ಅಂದಿದ್ದು."